ಗಿರಾಕಿಯ ಮುಖದ ಮೇಲೆ ಬೆಳಕು

ಮನೆಯಿಂದ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ತರಬೇತಿಯಲ್ಲಿ ದಿನವಿಡೀ ನಿಲ್ಲಿಸಿಯೇ ಕಲಿಸುತ್ತಾರೆ ಎಂದಿದ್ದೆ. ಸಿಕ್ಕಾಗ ಒಂದು ಗಳಿಗೆ ಕೂತುಕೋ, ಯಾರೂ ನಿನ್ನನ್ನು ಕಚ್ಚಿ ತಿನ್ನುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ದಿನಾ ಸಂಜೆ ವಿಡಿಯೊ ಕಾಲ್ ಮಾಡುತ್ತಿದ್ದವಳು ಈ ವಾರವೆಲ್ಲ ‘ಓದುವುದಿದೆ’ ಎಂದು ಮೆಸೇಜು ಹಾಕಿ ಸುಮ್ಮನಾಗಿದ್ದೀಯ. ಓದಿನ ನೆಪ ನನಗೆ ಹೇಳಬೇಡ, ನಿನ್ನನ್ನು ಹೆತ್ತವಳು ನಾನು. ಕೊನೆಯ ಸಲ ಮಾತಾಡಿದಾಗ ಮಗು ನಿನ್ನತ್ತ ಬೆನ್ನು ತಿರುಗಿಸಿ ಆಟಕ್ಕೆ ಓಡಿತು, ನೀನು “ನನ್ನನ್ನ ಮರೆತೇಬಿಟ್ಲು ಅಮ್ಮಾ” ಎಂದು ಅಳುತ್ತ ಫೋನಿಟ್ಟೆ. ಆವತ್ತಿನಿಂದ ನನ್ನ ಎದೆಯಲ್ಲೂ ಕಲ್ಲಿಟ್ಟಂತಾಗಿದೆ. ಮೆಸೇಜಿನಲ್ಲಿ ಬರೆಯೋಣವೆಂದರೆ ನಮ್ಮಿಬ್ಬರಿಗಿರುವ ಒಂದು ಫೋನು ನಿಮ್ಮಪ್ಪನ ಜೇಬಿನಲ್ಲೇ ಇರುತ್ತದೆ. ಅವರಿಗೆ ತಿಳಿಯಬಾರದ ಮಾತೊಂದಿದೆ. ಅದಕ್ಕೇ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಕಳ್ಳಿಯ ಹಾಗೆ ಕೂತು ಬರೆಯುತ್ತಿದ್ದೇನೆ.

ನೀನು ಹೊರಡುವ ಮುಂಚೆ ಕೊಡಿಸಿದೆಯಲ್ಲ, ಆ ಆಟದ ದಿನಸಿ ಅಂಗಡಿ, ಅದು ಈಗ ಇಡೀ ಮನೆಯನ್ನೇ ನುಂಗಿದೆ. ಪ್ಲಾಸ್ಟಿಕ್ಕಿನ ಟೊಮೆಟೊ ನನ್ನ ದಿಂಬಿನ ಕೆಳಗೆ ಸಿಗುತ್ತದೆ. ಮೊನ್ನೆ ಅಳಿಯಂದಿರು ಶೂ ಒಳಗೆ ಕ್ಯಾರೆಟ್ ಇಟ್ಟುಕೊಂಡೇ ಡ್ಯೂಟಿಗೆ ಹೋಗಿಬಂದರು, ಪಾಪ, ಕಾಲು ಯಾಕೆ ನೋಯುತ್ತಿದೆ ಎಂದು ಬಂದ ಮೇಲೆ ನೋಡಿಕೊಂಡರು. ಯಜಮಾನಿ ನಿನ್ನ ಮಗಳು, ಗಿರಾಕಿ ನಿಮ್ಮಪ್ಪ. ತಮ್ಮ ಅಂಗಡಿ ಮುಚ್ಚಿದ ಮೇಲೆ ಕೈಕಾಲು ಕಟ್ಟಿಹಾಕಿದಂತೆ ಕೂತಿದ್ದ ಮನುಷ್ಯ, ಈಗ ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡು, ಆ ಬೊಂಬೆ ತಳ್ಳುಗಾಡಿಯನ್ನು ಬಗ್ಗಿ ತಳ್ಳಿಕೊಂಡು ವ್ಯಾಪಾರಕ್ಕೆ ಹೊರಡುತ್ತಾರೆ. ಗಲ್ಲಾದ ಪಕ್ಕ ಬೆರಳಿನಿಂದ ಟಕಟಕ ತಟ್ಟುತ್ತಾರೆ, ಅವಳು ತಲೆ ಎತ್ತುತ್ತಾಳೆ. “ಟೊ-ಮೆ-ಟೊ” ಎಂದು ಬಾಯಿ ಪೂರ್ತಿ ಬಿಚ್ಚಿ ಹೇಳಿ, ಎರಡು ಬೆರಳು ತೋರಿಸುತ್ತಾರೆ. ಅವಳು ಎರಡು ಟೊಮೆಟೊ ತೆಗೆದು, ಬೀಪ್ ಎನ್ನುವ ಆ ಕೆಂಪು ದೀಪದ ಕೆಳಗೆ ಹಿಡಿದು, ಚೀಲಕ್ಕೆ ಹಾಕಿ “ತಗೋ” ಎನ್ನುತ್ತಾಳೆ. ಇವರು ಹುಬ್ಬಿನಲ್ಲೇ ಚೌಕಾಸಿ ಮಾಡುತ್ತಾರೆ, ಅವಳು ತಲೆಯಲ್ಲೇ ಇಲ್ಲವೆನ್ನುತ್ತಾಳೆ. ಅಂಥ ಸುಸೂತ್ರ ವ್ಯಾಪಾರ ನಾನೆಲ್ಲೂ ಕಂಡಿಲ್ಲ.

ನನ್ನ ಪಾಲಿಗೆ ಮಾತ್ರ ಆ ಅಂಗಡಿ ಯಾವಾಗಲೂ ಬಂದ್. ಒಲೆಯ ಮುಂದೆ ನಿಂತು “ಎರಡು ಮೊಟ್ಟೆ ಕೊಡಮ್ಮಾ” ಎಂದು ಕೂಗಿದರೆ ತಿರುಗಿ ಕೂಡ ನೋಡುವುದಿಲ್ಲ. ಹಿಂದಿನಿಂದ ಹೋಗಿ ಕೇಳಿದರೂ ಅದೇ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ಸ್ನಾನ ಮಾಡಿಸುವವಳು ನಾನು, ಉಣ್ಣಿಸುವವಳು ನಾನು, ಪ್ರೀತಿಯೆಲ್ಲ ತಾತನಿಗೆ! ನಿನಗೂ ಹೇಳಿದ್ದೆನಲ್ಲ, “ನಿನ್ನ ಮಗಳಿಗೆ ಹಠ ಜಾಸ್ತಿ ಕಣೇ” ಅಂತ. ಎರಡೂವರೆ ವರ್ಷವಾದರೂ ಮಾತು ಸರಿಯಾಗಿ ಬರಲಿಲ್ಲವೆಂದು ನೀನು ಕೊರಗಿದಾಗ, ನೀನೂ ತಡವಾಗಿಯೇ ಮಾತಾಡಿದ್ದು ಎಂದು ಬಾಯಿ ಮುಚ್ಚಿಸಿದ್ದೆ.

ಹೋದ ವಾರ ಆ ಗಲ್ಲಾದ ಬೀಪ್ ಸದ್ದು ನಿಂತುಹೋಯಿತು. ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಇನ್ನು ರಂಪ ಮಾಡುತ್ತಾಳೆ ಎಂದು ನಾನು ಸಿದ್ಧಳಾಗಿ ನಿಂತೆ. ಅವಳು ಒಂದೊಂದೇ ಸಾಮಾನನ್ನು ದೀಪಕ್ಕೆ ಹಿಡಿದು ಚೀಲಕ್ಕೆ ಹಾಕುತ್ತಲೇ ಇದ್ದಳು. ಸದ್ದು ಹೋಗಿದ್ದು ಅವಳಿಗೆ ಗೊತ್ತೇ ಇಲ್ಲ. ಅವಳ ಬೆನ್ನ ಹಿಂದೆ ನಿಂತು ತಟ್ಟೆಗೆ ಸೌಟಿನಿಂದ ಬಡಿದೆ. ಮೂಲೆಯಲ್ಲಿದ್ದ ನಿಮ್ಮಪ್ಪ, ಕೇಳಿಸುವ ಮಿಷನ್ನು ಕಿವಿಯಲ್ಲೇ ಇತ್ತಲ್ಲ, ಪೇಪರಿನಿಂದ ತಲೆ ಎತ್ತಿ “ಏನದು?” ಎಂದರು. “ಜಿರಲೆ” ಎಂದೆ. ಮಗು ಬ್ರೆಡ್ಡು ಜೋಡಿಸುತ್ತಿತ್ತು. ಆಮೇಲೆ ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತು “ಮೊಟ್ಟೆ” ಎಂದೆ, ತಕ್ಷಣ ಕೊಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದು ಮತ್ತೆ “ಮೊಟ್ಟೆ” ಎಂದೆ. ಅವಳು ನನ್ನ ಕೈ ಎಳೆದು ಸರಿಸಿ, ನನ್ನ ತುಟಿಯನ್ನೇ ನೋಡುತ್ತ ನಿಂತಳು.

ಆ ನೋಟದ ಜೊತೆ ನಾನು ಸಂಸಾರ ಮಾಡಿದ್ದೇನೆ. ಮದುವೆಯಾದ ಹೊಸದರಲ್ಲಿ ನಿಮ್ಮಪ್ಪ ಹಾಗೆ ನೋಡುವಾಗ, ನನ್ನ ಚೆಲುವಿಗೆ ಮರುಳಾಗಿದ್ದಾರೆ ಎಂದು ಬೀಗಿದ್ದೆ. ಅಂಗಡಿಯಲ್ಲಿ ದೀಪವನ್ನು ಸಾಮಾನಿನ ಮೇಲೆ ಹಾಕದೆ ಗಿರಾಕಿ ನಿಲ್ಲುವ ಕಡೆ ತೂಗುಹಾಕಿದ್ದರಲ್ಲ, ನಿನಗೆ ನೆನಪಿರಬೇಕು. “ಬೇಳೆ ಕತ್ತಲಲ್ಲಿ, ಗಿರಾಕಿ ಬೆಳಕಲ್ಲಿ” ಎಂದು ಬೀದಿಯವರೆಲ್ಲ ನಗುತ್ತಿದ್ದರು. ಕಿವಿ ಕೇಳದ ಅವರಿಗೆ ತುಟಿ ಕಂಡರೆ ತಾನೇ ವ್ಯಾಪಾರ! ಅವರ ತಾಯಿಗೂ ಹೀಗೇ ಇತ್ತು. ನೀನು ಮಗುವಾಗಿದ್ದಾಗ ನಿಮ್ಮಪ್ಪ ದಿನಾ ಬೆಳಿಗ್ಗೆ ನಿನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು, ನೀನು ತಿರುಗಿ ನೋಡಿದರೆ ಮಾತ್ರ ಅಂಗಡಿಗೆ ಹೊರಡುತ್ತಿದ್ದರು. “ಇದು ನನಗೇ ಮುಗೀಲಿ” ಎನ್ನುತ್ತಿದ್ದರು. ಈಗ ಮೊಮ್ಮಗಳಿಗೆ ಬಂದಿದೆ ಎಂದರೆ ಆ ಜೀವ ಕುಸಿದುಹೋಗುತ್ತದೆ. ನನಗೆ ಅದೇ ಭಯ.

ಇವತ್ತು ಬೆಳಿಗ್ಗೆ ಅಳಿಯಂದಿರ ಕಿವಿಗೆ ಹಾಕಿದೆ. ಮುಂದಿನ ವಾರದ ಕೊನೆಗೆ ಕಿವಿ ಡಾಕ್ಟರ ಹತ್ತಿರ ಪರೀಕ್ಷೆಗೆ ಹೇಳಿಟ್ಟಿದ್ದಾರೆ. ಹುಟ್ಟಿದಾಗ ನೋಡಿದವರು ಎಲ್ಲ ಸರಿಯಾಗಿದೆ ಎಂದಿದ್ದರು, ಈ ತೊಂದರೆ ಆಮೇಲೂ ಬರುವುದುಂಟಂತೆ. ನನ್ನ ಅನುಮಾನ ಸುಳ್ಳಾಗಲಿ, ಎಲ್ಲರೂ ನನ್ನನ್ನು ಹೆದರುಪುಕ್ಕಲಿ ಎಂದು ನಗಲಿ. ನೀನು ಬಿಟ್ಟುಹೋದದ್ದರಿಂದ ಹೀಗಾಯಿತು ಎಂದು ಮಾತ್ರ ತಲೆಗೆ ಹಚ್ಚಿಕೊಳ್ಳಬೇಡ. ರಜೆ ಸಿಕ್ಕರೆ ಪರೀಕ್ಷೆಯ ದಿನಕ್ಕೆ ಬಾ. ಕಲಿತ ಕೆಲಸ ನಿನ್ನ ಕೈ ಹಿಡಿಯಲಿ, ತಲೆ ತಣ್ಣಗಿರಲಿ, ಕಣ್ತುಂಬ ನಿದ್ದೆ ಬರಲಿ.

ನಿನ್ನ
ಅಮ್ಮ

ತಾ.ಕ.: ಕವರು ತರಲೆಂದು ಹೊರಗೆ ಬಂದರೆ, ನಿಮ್ಮಪ್ಪ ಆಟದ ಅಂಗಡಿಯನ್ನು ಗೋಡೆಯ ಮೂಲೆಯಿಂದ ಎಳೆದು ಕಿಟಕಿಯ ಹತ್ತಿರ ಇಟ್ಟಿದ್ದಾರೆ. ಮಗುವಿನ ಬೆನ್ನು ಕಿಟಕಿಗೆ, ಬೆಳಕೆಲ್ಲ ಎದುರಿನ ಗಿರಾಕಿಯ ಮುಖಕ್ಕೆ. ಭುಜ ಮುಟ್ಟಿ ಯಾಕೆ ಎಂದೆ. “ಯಜಮಾನಿಗೆ ಗಿರಾಕಿ ಬಾಯಿ ಕಾಣ್ಬೇಕಲ್ವಾ” ಎಂದರು. ಅವರ ಕಣ್ಣು ತುಂಬಿತ್ತು. ಬೆಳಿಗ್ಗೆ ನಾನು ಅಳಿಯಂದಿರ ಜೊತೆ ಪಿಸುಗುಟ್ಟಿದ್ದನ್ನೆಲ್ಲ ದೂರದಿಂದಲೇ ನನ್ನ ತುಟಿ ನೋಡಿ ಓದಿಬಿಟ್ಟಿದ್ದಾರೆ. “ಡಾಕ್ಟರ್ ಹತ್ರ ನಾನೇ ಎತ್ಕೊಂಡು ಹೋಗ್ತೀನಿ” ಎಂದರು. ಇನ್ನೊಂದು ಮಾತನ್ನು ಈಗಲೇ ಬರೆ ಎಂದು ಪಕ್ಕದಲ್ಲೇ ನಿಂತಿದ್ದಾರೆ. ನೀನು ಫೋನ್ ಮಾಡುವಾಗ ಕಿಟಕಿಗೆ ಬೆನ್ನು ಹಾಕಿ ಕೂರುತ್ತೀಯಂತೆ, ನಿನ್ನ ಮುಖವೆಲ್ಲ ಕಪ್ಪಂತೆ, ಅವರಿಗೂ ನಿನ್ನ ತುಟಿ ಕಾಣುವುದಿಲ್ಲವಂತೆ. ಈ ಪತ್ರ ಕೈಸೇರಿದ ಸಂಜೆಯೇ ದೀಪ ಹಾಕಿಕೊಂಡು, ಬೆಳಕಿಗೆ ಮುಖ ಮಾಡಿ ಕೂತು ಫೋನ್ ಮಾಡು. ಮಗು ನಿನ್ನನ್ನು ಮರೆತಿಲ್ಲ ಕಣೇ, ಅವಳಿಗೆ ನೀನು ಕಾಣುತ್ತಿರಲಿಲ್ಲ.