ಪೆಟ್ಟಿಗೆಯ ಮೇಲಿನ ಕೌದಿಗಳು

ನವೆಂಬರ್ ೬

ಕೌದಿಗಳನ್ನು ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಪೆಟ್ಟಿಗೆಯ ಮೇಲೆ ಒಟ್ಟಿದೆ. ಒಂದು ಕಡಿಮೆ. ಹಸಿರು ಮಖಮಲ್ಲಿನದು. ನನ್ನ ಮದುವೆಗೆ ಅಮ್ಮ ತವರೂರು ಉಜ್ಗೆನ್‌ನಿಂದ ಲಾರಿಯಲ್ಲಿ ಕಳಿಸಿದ್ದರಲ್ಲಿ ಒಂದು. ಮನೆಗೆ ಯಾರೇ ಬರಲಿ, ಮೊದಲು ಕಣ್ಣು ಹೋಗುವುದು ಈ ರಾಶಿಯ ಮೇಲೆ. ರಾಶಿ ಎಷ್ಟೆತ್ತರವೋ ಸೊಸೆಯ ತವರು ಅಷ್ಟೆತ್ತರ.

ಗಂಡ ತಾಲಾಯ್‌ನನ್ನು ಕೇಳಿದೆ. ಚಹಾದ ಬಟ್ಟಲು ಹಿಡಿದು ಕೂತಲ್ಲೇ ತೂಕಡಿಸುತ್ತಿದ್ದ.

"ಟ್ರಕ್ಕಲ್ಲಿ ಹಾಸ್ಕೊಳ್ಳೋಕೆ ತಗೊಂಡೆ. ಪಾಮೀರ್ ದಾರೀಲಿ ಚಳಿ."

"ಮಖಮಲ್ಲೇ ಬೇಕಿತ್ತಾ? ದೊಡ್ಡ ಖಾನನ ಮೊಮ್ಮಗ ನೋಡು ನೀನು!"

ನಕ್ಕ. ಮೂಗು ಕೆರೆದುಕೊಂಡ. ಆ ದಾರಿಯಿಂದ ಬಂದಾಗಲೆಲ್ಲ ಹೀಗೆ — ಕಣ್ಣಿನ ಪಾಪೆ ಸಾಸಿವೆಯಷ್ಟು, ಮಾತು ಸಕ್ಕರೆ. ಬೆನ್ನುನೋವಿಗೆ ಮಾತ್ರೆಯಂತೆ. ನಂಬಿದೆ. ಇಲ್ಲ, ನಂಬಲಿಲ್ಲ. ಕೇಳದೆ ಬಿಟ್ಟೆ.

ನವೆಂಬರ್ ೧೪

ಮಾತ್ರೆಯಲ್ಲ. ಬಚ್ಚಲಿನ ಪೈಪಿನ ಹಿಂದೆ ಸಿರಿಂಜ್. ಅಡಿ ಸುಟ್ಟು ಕಪ್ಪಾದ ಚಮಚ. ನನ್ನದೇ ಚಮಚ, ವಾರದಿಂದ ಹುಡುಕುತ್ತಿದ್ದೆ.

ಅತ್ತ. ಅವನು ಅತ್ತದ್ದನ್ನು ಹಿಂದೆ ಕಂಡಿಲ್ಲ, ಅವನಪ್ಪ ತೀರಿಕೊಂಡಾಗಲೂ. ಮೇಜಿನ ಮೇಲಿದ್ದ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಇನ್ನೊಂದ್ಸಲ ಮುಟ್ಟಿದ್ರೆ ಈ ರೊಟ್ಟೀನೇ ನನ್ನನ್ನ ಹೊಡೀಲಿ."

ರೊಟ್ಟಿಯ ಮೇಲಿನ ಆಣೆ. ಅದಕ್ಕಿಂತ ದೊಡ್ಡದು ನಮ್ಮಲ್ಲಿ ಇಲ್ಲ.

"ಆಸ್ಪತ್ರೆಗೆ ಹೋಗೋಣ. ದಿನಾ ಬೆಳಿಗ್ಗೆ ಸಿರಪ್ ಕೊಡ್ತಾರಂತೆ, ಬಿಡಿಸೋಕೆ."

"ಅಲ್ಲಿ ಹೆಸರು ಬರೆಸ್ಬೇಕು, ಬುರುಲ್. ಬರೆಸಿದ್ರೆ ಲೈಸೆನ್ಸ್ ಹೋಗತ್ತೆ. ಆಮೇಲೆ ಏನು ಓಡಿಸ್ಲಿ, ನಿನ್ನ ಹೊಲಿಗೆ ಮಷೀನಾ?"

"ಹಾಗಾದ್ರೆ ಮನೇಲೇ ಬಿಡು. ನಾನು ನೋಡ್ಕೋತೀನಿ."

"ಬಿಡ್ತೀನಿ. ನಮ್ಮಮ್ಮನಿಗೆ ಮಾತ್ರ ಹೇಳ್ಬೇಡ."

ಹೇಳುವುದಿಲ್ಲ ಎಂದೆ.

ನವೆಂಬರ್ ೧೬

ನಡುಕ. ವಾಂತಿ. ಟವೆಲ್ ಕಚ್ಚಿಕೊಂಡು ಬಿದ್ದಿದ್ದಾನೆ. ಮಗಳು ಬೇಗಾಯ್‌ಳನ್ನು ಪಕ್ಕದ ಮನೆಗೆ ಕಳಿಸಿದೆ. ಫ್ಲೂ ಎಂದೆ. ಪಕ್ಕದವಳು ಬೆಳ್ಳುಳ್ಳಿ ಕೊಟ್ಟು ಕಳಿಸಿದಳು. ಬೆಳ್ಳುಳ್ಳಿ!

ನವೆಂಬರ್ ೨೧

ಇವತ್ತು ಎರಡು ಬಟ್ಟಲು ಸಾರು ಕುಡಿದ. ಮಗಳ ಜಡೆ ಹೆಣೆದ, ಸೊಟ್ಟಗೆ. "ಟ್ರಕ್ಕಿನ ಹಗ್ಗ ಕಟ್ಟಿದ ಹಾಗಿದೆ ಅಪ್ಪ" ಎಂದಳು ಅವಳು. ಮೂವರೂ ನಕ್ಕೆವು. ಸಂತೋಷವಾಗಿದೆ. ಎಷ್ಟು ಸಂತೋಷವೋ ಅಷ್ಟೇ ಭಯ.

ಡಿಸೆಂಬರ್ ೧೦

ಬರೆಯಲು ಏನೂ ಇರಲಿಲ್ಲವೆಂದಲ್ಲ.

ಮತ್ತೆ ಕೌದಿಗಳು ಹೋದವು, ಒಂದರ ಹಿಂದೆ ಒಂದು, ಅವನ ಸೂಜಿಯ ದುಡ್ಡಿಗೆ. ಅಮ್ಮ ಚಳಿಗಾಲಪೂರ್ತಿ ಕೂತು ಹೊಲಿದವು. ಬಜಾರಿನಿಂದ ಸೇಬಿನ ರಟ್ಟಿನ ಡಬ್ಬಗಳನ್ನು ತಂದೆ. ಡಬ್ಬ ಒಳಗೆ, ಉಳಿದ ಕೌದಿಗಳು ಮಡಿಕೆ ಕಾಣುವಂತೆ ಮುಂದೆ, ಮೇಲೆ ಕಸೂತಿ ಬಟ್ಟೆ. ಎತ್ತರ ಮೊದಲಿನಷ್ಟೇ. ಅತ್ತೆ ಗುಲ್ಚಾದಿಂದ ಯಾವಾಗ ಬೇಕಾದರೂ ಬರಬಹುದು. ಬಂದರೂ ಗೊತ್ತಾಗದು. ಹೊಲಿಗೆ ಕಾರ್ಖಾನೆಯಲ್ಲಿ ಸುಮ್ಮನೆ ಸವೆದಿಲ್ಲ ಈ ಕೈ.

ತಾಲಾಯ್ ನೋಡಿದ. "ಚೆನ್ನಾಗಿ ಮಾಡಿದೀಯ" ಎಂದ. ನಿಜವಾಗಿಯೂ ಮೆಚ್ಚಿಕೊಂಡೇ ಹೇಳಿದ. ಬಟ್ಟಲನ್ನು ಅವನ ತಲೆಗೆ ಎಸೆಯಬೇಕೆನಿಸಿತು.

ಅಂದು ಇಬ್ಬರೂ ಮಾತು ಕೊಟ್ಟಿದ್ದೆವು. ಉಳಿಸಿಕೊಂಡವಳು ನಾನೊಬ್ಬಳೇ.

ಡಿಸೆಂಬರ್ ೨೩

ಅತ್ತೆ ಬಂದರು. ಜೊತೆಗೆ ಅವರ ತಮ್ಮ, ತಮ್ಮನ ಹೆಂಡತಿ. ಜಲಾಲಾಬಾದಿಗೆ ಮದುವೆಗೆ ಹೊರಟವರು. ಹಿಮ ಬಿದ್ದು ದಾರಿ ಮುಚ್ಚಿದೆ, ಇಲ್ಲೇ ಉಳಿಯುತ್ತಾರೆ.

ನಾನು ಅಡುಗೆಮನೆಯಲ್ಲಿ ಚಹಾ ಬಗ್ಗಿಸುತ್ತಿದ್ದೆ. ತಾಲಾಯ್ ಇರಲಿಲ್ಲ. ಅತ್ತೆ "ನೀನು ಚಹಾ ನೋಡು, ಇವರ ಬೆನ್ನಿಗೆ ಏನಾದ್ರೂ ನಾನೇ ಕೊಡ್ತೀನಿ" ಎಂದವರು ಎದ್ದು ರಾಶಿಯಿಂದ ಒಂದು ಕೌದಿ ಎಳೆದರು. ಅವರ ಮಗನ ಮನೆ, ಅವರು ಎಳೆಯಬಾರದೇ? ನಾನು ಓಡಿ ಬರುವಷ್ಟರಲ್ಲಿ ಡಬ್ಬಗಳು ನೆಲಕ್ಕೆ ಉರುಳಿದ್ದವು. ಒಂದು ಅವರ ತಮ್ಮನ ಕಾಲ ಬಳಿ ಹೋಗಿ ನಿಂತಿತು. ಅದರ ಮೇಲೆ ಕೆಂಪು ಸೇಬಿನ ಚಿತ್ರ.

ಅತ್ತೆಯೇ ತಮ್ಮನತ್ತ ತಿರುಗಿ, "ಕೌದಿಗಳಿಗೆ ಹೊಸ ಬಟ್ಟೆ ಹಾಕ್ಸೋಕೆ ಕೊಟ್ಟಿದೀವಿ. ನಾನೇ ಹೇಳಿದ್ದು ಕೊಡು ಅಂತ. ಮರ್ತೇಹೋಗಿತ್ತು ನೋಡು" ಎಂದರು. ಧ್ವನಿ ಒಂದಿಷ್ಟೂ ನಡುಗಲಿಲ್ಲ.

ನನ್ನ ಹಿಂದೆಯೇ ಅಡುಗೆಮನೆಗೆ ಬಂದು ಬಾಗಿಲು ಹಾಕಿದರು.

"ಕುಡಿತಾನಾ?"

"ಕುಡಿಯಲ್ಲ ಅತ್ತೆ. ಸೂಜಿ."

ಒಲೆಯ ಅಂಚು ಹಿಡಿದು ನಿಂತರು.

"ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

"ಒಳ್ಳೇದು ಮಾಡ್ದೆ. ಹೀಗೇ ಇರು. ಹೊಸ ಕೌದಿ ಹೊಲಿಸಿ ಕಳಿಸ್ತೀನಿ."

"ಅತ್ತೆ, ಅವನು ಸತ್ತುಹೋಗ್ತಾನೆ."

"ಬಾಯ್ಮುಚ್ಚು. ಜನ ಕೂತಿದಾರೆ."

ಬೈಯುತ್ತಾರೆಂದು ಕಾದಿದ್ದೆ. ಕೆನ್ನೆಗೆ ಒಂದು ಬಿಟ್ಟಿದ್ದರೆ ಅವರ ಕುತ್ತಿಗೆಗೆ ಜೋತುಬಿದ್ದು ಅಳುತ್ತಿದ್ದೆ. ಇಬ್ಬರೂ ಸೇರಿ ತಟ್ಟೆಗೆ ಒಣದ್ರಾಕ್ಷಿ ಸುರಿದೆವು. ಅವರೇ ಮೊದಲು ನಗುತ್ತಾ ಹೊರಗೆ ಹೋದರು.

ಜನವರಿ ೧೫

ಗುಲ್ಚಾದಿಂದ ಹೊಸ ಕೌದಿಗಳು ಬಂದವು. ಹೋದವು. ಟ್ರಕ್ಕಿನ ಕೆಲಸವೂ ಹೋಯಿತು, ಲೈಸೆನ್ಸ್ ಮಾತ್ರ ಜೇಬಿನಲ್ಲಿ ಭದ್ರವಾಗಿದೆ.

ಬಚ್ಚಲಲ್ಲಿ ಸೇರಿಕೊಂಡರೆ ಹೊರಗೆ ಬರುವುದಿಲ್ಲ. ನಲ್ಲಿ ಬಿಟ್ಟುಕೊಂಡಿರುತ್ತಾನೆ, ಸದ್ದು ಕೇಳಬಾರದೆಂದು. ನಾನು ಬಾಗಿಲು ಬಡಿಯುತ್ತೇನೆ.

"ತಾಲಾಯ್, ಇದೀಯಾ?"

"ಇದೀನಿ ಕಣೇ. ಎಲ್ಲಿಗೆ ಹೋಗ್ಲಿ."

ಈಗ ನಮ್ಮಿಬ್ಬರ ಸಂಸಾರದ ಮಾತೆಂದರೆ ಇಷ್ಟೇ.

ಜನವರಿ ೨೭

ಮಗಳನ್ನು ಮಲಗಿಸಿ ಬಂದು ಬರೆಯುತ್ತಿದ್ದೇನೆ.

ಬೇಗಾಯ್ ಕಾಲುಚೀಲ ಬಿಚ್ಚುವಾಗ ಹಿಮ್ಮಡಿ ಕೆಂಪಾಗಿ ಉಜ್ಜಿಹೋಗಿತ್ತು. ಬೂಟು ಬಿಗಿಯಾಯಿತೇ ಎಂದೆ.

"ಇಲ್ಲಮ್ಮ. ಅಪ್ಪ ಅದರೊಳಗೆ ಪೊಟ್ಟಣ ಇಟ್ಟಿದ್ದ. ಬಜಾರಿಂದ ಬರೋವಾಗ. ಕುಂಟಬಾರ್ದು ಅಂದ. ಪೊಲೀಸ್ ಮಾಮ ನನ್ನ ಟೋಪಿ ಚೆನ್ನಾಗಿದೆ ಅಂದ್ರು. ನಾನು ಕುಂಟ್ಲೇ ಇಲ್ಲ ಗೊತ್ತಾ."

ಆರು ವರ್ಷ. ಹೆಮ್ಮೆಯಿಂದ ಹೇಳಿದಳು. ಶಭಾಷ್ ಎನ್ನಲಿ ಎಂದು ನನ್ನ ಮುಖ ನೋಡಿದಳು.

ಅವನನ್ನು ಕೇಳಿದೆ. ಸುಳ್ಳು ಹೇಳಲೂ ಇಲ್ಲ.

"ಮಗು ಜೊತೆಗಿದ್ರೆ ತಡೆಯಲ್ಲ, ಬುರುಲ್. ಎಲ್ರೂ ಹಂಗೇ ಮಾಡ್ತಾರೆ."

ಯಾವ ಕಣಿವೆಯಲ್ಲಿ ಹಿಮ ಕಡಿಮೆ ಎಂದು ಹೇಳುತ್ತಿದ್ದನಲ್ಲ, ಅದೇ ಧ್ವನಿ. ಈ ಮನುಷ್ಯನನ್ನು ನಾನು ಪ್ರೀತಿಸಿ ಮದುವೆಯಾದೆ. ಈಗಲೂ ಪ್ರೀತಿ ಇದೆ, ದರಿದ್ರದ್ದು. ಆದರೆ ಇನ್ನು ಇಲ್ಲಿ ಇರುವುದಿಲ್ಲ.

ಜನವರಿ ೨೮, ಬೆಳಿಗ್ಗೆ

ಟ್ಯಾಕ್ಸಿ ಹೇಳಿದ್ದೇನೆ. ಉಜ್ಗೆನ್‌ಗೆ, ಅಮ್ಮನ ಮನೆಗೆ. ಉಳಿದ ಕೌದಿಗಳನ್ನು ಕಟ್ಟಿ ಬಾಗಿಲ ಬಳಿ ಇಟ್ಟಿದ್ದೇನೆ. ಹೆಂಡತಿ ತನ್ನ ಕೌದಿ ಹೊತ್ತು ಹೊಸ್ತಿಲು ದಾಟಿದರೆ ಮದುವೆ ಮುಗಿಯಿತು, ಯಾರೂ ಯಾರಿಗೂ ಬಾಯಿಬಿಟ್ಟು ಹೇಳಬೇಕಿಲ್ಲ. ಬೀದಿಗೆ ಬೀದಿಯೇ ಕಿಟಕಿಯಲ್ಲಿ ನಿಂತಿರುತ್ತದೆ. ನಿಲ್ಲಲಿ.

ಅತ್ತೆಯ ಫೋನ್. ಯಾರು ಹೇಳಿದರೋ.

"ಕೌದಿ ಆಚೆ ತರಬೇಡ ಮಗಳೇ. ನೀನು ಹೋಗು, ಹತ್ತು ದಿನ ಇದ್ದು ಬಾ. ಕೌದಿ ಅಲ್ಲೇ ಇರ್ಲಿ."

"ಮಗು ಬೂಟಲ್ಲಿ ಪೊಟ್ಟಣ ಇಟ್ಟಿದ್ದ, ಅತ್ತೆ."

ಅವರು ಫೋನ್ ಇಟ್ಟರು.

ತಾಲಾಯ್ ಜಗಳವಾಡಲಿಲ್ಲ. "ಹೋಗು. ಅದೇ ಸರಿ" ಎಂದ. ಬೇಗಾಯ್‌ಳ ನೆತ್ತಿ ಮೂಸಿದ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ.

ಮಗಳು ಕೋಟು, ಟೋಪಿ ಹಾಕಿಕೊಂಡು ಗಂಟಿನ ಮೇಲೆ ಕೂತಿದ್ದಾಳೆ. ನಾನು ಟ್ಯಾಕ್ಸಿಯ ಹಾರ್ನಿಗೆ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ನಲ್ಲಿ ಸುರಿಯುತ್ತಲೇ ಇದೆ. ಇವತ್ತು ಬಾಗಿಲು ಬಡಿಯುವುದಿಲ್ಲ. ಬಡಿದರೆ ಅವನು ಮಾತಾಡುತ್ತಾನೆ, ಮಾತಾಡಿದರೆ ನಾನು ಕೂತುಬಿಡುತ್ತೇನೆ. ನನ್ನನ್ನು ನಾನು ಬಲ್ಲೆ.

ಹಾರ್ನ್. ಬಂತು.

"ಅಮ್ಮ, ಒಳಗೆ ಅಪ್ಪ ಬಿದ್ದ ಹಾಗೆ ಆಯ್ತು" ಎನ್ನುತ್ತಿದ್ದಾಳೆ ಬೇಗಾಯ್.

ನನಗೂ ಕೇಳಿಸಿತು. ಅವಳಿಗಿಂತ ಮೊದಲೇ ಕೇಳಿಸಿತು. ಕೇಳಿಸಿಯೂ ಕೂತು ಬರೆಯು—