ಅರವತ್ತು ಜನ, ಸಾವಿರ ಹಂತ

ಜುಲೈ 1, ಸೋಮವಾರ

ಹುಲಿಗೆಮ್ಮನನ್ನು ಕೆಲಸದಿಂದ ತೆಗೆದರು. ಟಾಯ್ಲೆಟ್‌ಗೆ ಎರಡನೇ ಸಲ ಎದ್ದಳಂತೆ. ಇದು ಅನ್ಯಾಯ. ಬೇರೆ ಹೆಸರಿಲ್ಲ ಇದಕ್ಕೆ. ಸೂಪರ್‌ವೈಸರ್ ರುದ್ರಮೂರ್ತಿ ಎಲ್ಲರೆದುರು ಅವಳ ಕೊರಳಿನ ಕಾರ್ಡ್ ಕಿತ್ತುಕೊಂಡ. ಹಾಲ್‌ನಲ್ಲಿ ಒಂದು ಹೊಲಿಗೆ ಮಿಷನ್ನೂ ನಿಲ್ಲಲಿಲ್ಲ. ನಾನೂ ಪ್ಯಾಕಿಂಗ್ ಟೇಬಲ್‌ನಲ್ಲಿ ಶರ್ಟ್ ಮಡಿಸುತ್ತಲೇ ಇದ್ದೆ.

ಇನ್ನು ಸಾಕು. 15ನೇ ತಾರೀಕು ಊಟದ ಬೆಲ್ ಆದಮೇಲೆ ಯಾರೂ ಮಿಷನ್‌ಗೆ ಕೂರಬಾರದು. ಎಲ್ಲರಿಗೂ ಒಂದೇ ಹೊತ್ತಿಗೆ ಮೆಸೇಜ್ ಮುಟ್ಟಬೇಕು.

ಜುಲೈ 6, ಶನಿವಾರ

ಹಿಂದೊಮ್ಮೆ ಒಂದು ಕರಪತ್ರದಲ್ಲಿ ಓದಿದ ನಿಯಮ — ಮೇಲೆ ಒಬ್ಬರು, ಕೆಳಗೆ ಇಬ್ಬರು, ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಬಾರದು. ಒಬ್ಬರು ಸಿಕ್ಕಿಬಿದ್ದರೂ ಉಳಿದವರು ಉಳಿಯುತ್ತಾರೆ. ಎಲ್ಲರಿಗೂ ಮೇಲೆ ನಾನು. ನನ್ನ ಕೆಳಗೆ ಫ್ಯಾಕ್ಟರಿಯ ಅಜ್ಜಂಪುರದ ಬಸ್ಸಿಗೆ ಮಾಲಿನಿ, ತರೀಕೆರೆ ಬಸ್ಸಿಗೆ ಶಿವಕುಮಾರ್. ಉಳಿದವರ ಹೆಸರು ನನಗೂ ಬೇಡ. ನಂಬರ್ ಸಾಕು. ಯಾರ ಕೆಳಗೆ ಯಾವ ನಂಬರ್ ಅಂತ ಅವರಿಬ್ಬರೇ ಶೀಟ್‌ಗೆ ಹಾಕುತ್ತಾರೆ.

ಮೆಸೇಜ್ ಕಳಿಸಲು ಕಂಪ್ಯೂಟರ್‌ನಲ್ಲಿ ನಾನು ಬರೆದ ಪ್ರೋಗ್ರಾಮ್ ಚಿಕ್ಕದು. ಒಬ್ಬರಿಗೆ ಕಳಿಸು. ಅವರ ಕೆಳಗಿನವರಿಗೂ ಇದನ್ನೇ ಮಾಡು. ಕೆಳಗೆ ಯಾರೂ ಇಲ್ಲದಿದ್ದರೆ ನಿಲ್ಲು. ನಾನು ಅಂತ ಗೊತ್ತಾಗದ ಹಾಗೆ ಕಳಿಸುವುದು ಹೊಸ ಸಿಮ್‌ನಿಂದ.

ಜುಲೈ 7, ಭಾನುವಾರ

ಮೆಸೇಜ್ ಹೋಗದ ಹಾಗೆ ಮಾಡಿ ಓಡಿಸಿ ನೋಡಿದೆ. ಸಾವಿರ ಹಂತ ಇಳಿದು ಎರರ್ ಕೊಟ್ಟು ಬಿತ್ತು.

ನಾವಿರುವುದು ಅರವತ್ತು ಜನ.

'ನಿಲ್ಲು' ಅನ್ನುವ ಸಾಲು ಸರಿಯಾಗೇ ಇದೆ. ಮೂರು ಸಲ ನೋಡಿದೆ. ಕೊನೆಗೆ ಹೋದಲ್ಲೆಲ್ಲ ನಂಬರ್ ಪ್ರಿಂಟ್ ಮಾಡಿಸಿದೆ. ಮಾಲಿನಿ. ಅವಳ ಕೆಳಗಿನದು. ಅದರ ಕೆಳಗಿನದು. 47ರಲ್ಲಿ ಮುಗಿಯುವ ಒಂದು ನಂಬರ್. ಅದರ ಕೆಳಗೆ... ನನ್ನದು. ಮತ್ತೆ ಮಾಲಿನಿ.

ಪ್ರೋಗ್ರಾಮ್‌ನಲ್ಲಿ ತಪ್ಪಿಲ್ಲ. ಯಾರೋ ನನ್ನನ್ನು ತಮ್ಮ ಕೆಳಗೆ ಸೇರಿಸಿದ್ದಾರೆ. ಫ್ಯಾಕ್ಟರಿ ತುಂಬ ಜನ ಇರುವಾಗ ನನ್ನ ನಂಬರೇ ಯಾಕೆ? ನೀನು ಯಾರೆಂದು ಗೊತ್ತು ಅಂತ ತೋರಿಸುವುದಕ್ಕಾ?

ಜುಲೈ 8, ಸೋಮವಾರ

ಒಮ್ಮೆ ಹೋದ ನಂಬರ್‌ಗೆ ಮತ್ತೆ ಹೋಗಬೇಡ ಅಂತ ಎರಡು ಸಾಲು ಸೇರಿಸಿದೆ. ಅರವತ್ತಕ್ಕೆ ನಿಂತಿತು. ಸುತ್ತು ಮಾತ್ರ ಶೀಟ್‌ನಲ್ಲಿ ಹಾಗೇ ಇದೆ.

ಬಸ್ಸಿನಲ್ಲಿ ಮಾಲಿನಿಯನ್ನು ಮೆಲ್ಲಗೆ ಕೇಳಿದೆ, 47 ಯಾರು?

"ನಂಗೇನ್ ಗೊತ್ತು? ಕೇಳ್ಬಾರ್ದು ಅಂದೋಳು ನೀನೇ ತಾನೆ."

"ಅದ್ರ ಕೆಳಗೆ ನನ್ ನಂಬರ್ ನೀನೇ ಹಾಕಿದೀಯಲ್ಲೇ."

"ನಂಬರ್ ಯಾರಿಗ್ ಬಾಯಿಪಾಠ ಇರುತ್ತೆ? ಕೆಳಗಿಂದ ಬಂತು, ಹಾಕ್ದೆ. ವಿಚಾರಿಸ್ಲಾ?"

ಅವಳು ಕೆಳಗಿನವರನ್ನು ಕೇಳಬೇಕು, ಅವರು ತಮ್ಮ ಕೆಳಗಿನವರನ್ನು... ಅರ್ಧ ಬಸ್ಸಿಗೆ ಗೊತ್ತಾಗುತ್ತೆ. ಬೇಡ ಅಂದೆ.

ಜುಲೈ 13, ಶನಿವಾರ

ಐದು ದಿನ ಬರೆಯಲಿಲ್ಲ. ಬುಧವಾರ ರುದ್ರಮೂರ್ತಿ ಟೇಬಲ್ ಹತ್ತಿರ ನಿಂತು, "ಏನಮ್ಮಾ ಧನ್ಯಶ್ರೀ, ಯಾವ ಬಸ್ಸು ನಿಂದು?" ಅಂದ. ಅಷ್ಟೇ ಅಂದದ್ದು.

ಇವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಪಕ್ಕಕ್ಕೆ ಕರಿಬಸಕ್ಕ ಬಂದು ಕೂತಳು. ಕಾಲರ್ ಹೊಲಿಯುವವಳು, ವಯಸ್ಸಾದವಳು.

"ಯಾವಾಗ್ಲೂ ಬಾಯಿಗೆ ಬೀಗ ಹಾಕ್ಕಂಡೇ ಇರ್ತೀಯಲ್ಲೇ. ಪುಕ್ಕಲಿ. ನಿನ್ ನಂಬರ್ ಕೊಟ್ಟಿದೀನಿ ಕಣೇ. ಹುಲಿಗೆಮ್ಮನ ವಿಷ್ಯಕ್ಕೆ ಒಂದು ಗುಂಪೈತೆ."

47 ಇವಳೇ.

"ಯಾರಿಗ್ ಕೊಟ್ಟೆ ಅಕ್ಕ?"

"ಅದ್ನೆಲ್ಲ ಕೇಳ್ಬಾರ್ದು. ಮೇಲೊಬ್ರು, ಕೆಳಗಿಬ್ರು, ಅಷ್ಟೇಯ. ಎಲ್ಲಾರ್ಗೂ ಮೇಲೆ ಯಾವನೋ ಲಾಯರ್ ಅವ್ನಂತೆ. ನಿನ್ ಥರ ಹೆದ್ರಲ್ಲ ಬಿಡು."

ನಗು ತಡೆದುಕೊಂಡೆ. ಒಂದು ವಾರದಲ್ಲಿ ಮೊದಲ ಸಲ ಉಸಿರು ಸರಾಗ ಆಯಿತು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

"ನಾಳೆ ಹತ್ ಗಂಟೆಗೆ ತರೀಕೆರೆ ಬಸ್ ಸ್ಟ್ಯಾಂಡಿಗೆ ಬಾ. ಒಬ್ರು ಬತ್ತಾರೆ. ಹೊಸಬ್ರನ್ನೆಲ್ಲ ನೋಡ್ಬೇಕಂತೆ. ಮೇಲಿನೋನು ಹೇಳ್ ಕಳ್ಸವ್ನೆ."

ಮೇಲಿನವಳು ನಾನು. ನಾನು ಯಾರಿಗೂ ಹೇಳಿ ಕಳಿಸಿಲ್ಲ. ಮತ್ತೆ ಯಾರು, ರುದ್ರಮೂರ್ತಿಯಾ?

ಹೋಗಬೇಡ ಅನ್ನಬೇಕು ಅಂತ ಬಾಯಿ ತೆರೆದೆ. ಹಿಂದಿನ ಸೀಟು, ಮುಂದಿನ ಸೀಟು, ಎಲ್ಲ ಕಿವಿಗಳೇ. ಬೀರೂರು ಬಂತು. ಇವತ್ತೇ ತರೀಕೆರೆಯ ತಂಗಿ ಮನೆಗೆ ಅಂತ ಅಲ್ಲೇ ಇಳಿದುಬಿಟ್ಟಳು.

ಸಂಜೆ 7:30

ಸೋಮವಾರದ ಮಾತು ಆಮೇಲೆ. ಮೊದಲು ಇದನ್ನು ಕಳಿಸಿದೆ — ನಾಳೆ ಯಾರೂ ತರೀಕೆರೆಗೆ ಹೋಗಬೇಡಿ, ಕರೆದದ್ದು ನಮ್ಮವರಲ್ಲ. ಅರವತ್ತಕ್ಕೆ ನಿಂತಿತು. ಎಲ್ಲರಿಗೂ ಮುಟ್ಟಿದೆ, ಒಬ್ಬರನ್ನು ಬಿಟ್ಟು.

47. ಸ್ವಿಚ್ ಆಫ್. ಎಂಟು ಸಲ ಫೋನ್ ಮಾಡಿದೆ. ತಂಗಿ ಮನೆ ಎಲ್ಲಿ ಅಂತ ಮಾಲಿನಿಗೂ ಗೊತ್ತಿಲ್ಲ.

ಅಲ್ಲಿಗೆ ಹೋಗುವವಳು ಅವಳೊಬ್ಬಳೇ. ಅವಳ ಪಕ್ಕದಲ್ಲಿ ಯಾರು ಬಂದು ನಿಂತರೂ ಬರುವವನ ಕಣ್ಣಿಗೆ ಬಿದ್ದೇ ಬೀಳುತ್ತಾರೆ. ಗೊತ್ತು.

ನಾಳೆ ಭಾನುವಾರ, ಬೆಳಿಗ್ಗೆ ಹತ್ತು, ತರೀಕೆರೆ ಬಸ್ ಸ್ಟ್ಯಾಂಡ್. ನಾನೂ ಹೋಗುತ್ತೇನೆ.