ಡಲ್ಸಿಯ ವಿಗ್ಗು

ಮೆಂಫಿಸ್
14 ಅಕ್ಟೋಬರ್ 1996

ನನ್ನ ಮುದ್ದಿನ ತಂಗಿ ವರ್ನೆಲ್‌ಗೆ,

ಹೇಗಿದ್ದೀಯೆ? ನಿನ್ನ ಗಂಡ ಕ್ಲೀವನ ಸೊಂಟನೋವು ಇಳಿಯಿತೆ? ಮಗಳು ತಮಿಕಾಳ ಕೂಸಿಗೆ ಹಲ್ಲು ಬಂತೆ? ನಿನ್ನ ಪತ್ರಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೇಸರಿಸಬೇಡ. ಬರೆಯಲು ಕೂತರೆ ಒಂದೇ ವಿಷಯ ಬರುತ್ತಿತ್ತು, ಅದನ್ನು ಬರೆಯಲಾಗದೆ ಎದ್ದುಬಿಡುತ್ತಿದ್ದೆ.

ನಾನು ಹಾಡುಗಾರರಿಗೆ ಬಟ್ಟೆ ಹೊಲಿಯುತ್ತಿದ್ದ ಪರ್ಸಿಮನ್ ರೆಕಾರ್ಡ್ಸ್ ಕಂಪನಿ ನೆನಪಿದೆಯಲ್ಲ? ಅದರ ಸ್ಟುಡಿಯೋ ಈಗ ಮ್ಯೂಸಿಯಂ ಆಗಿದೆ. ಒಳಗೆ ಕಾಲಿಟ್ಟರೆ ಡಲ್ಸಿ ಫೇಯ ಆಳೆತ್ತರದ ಫೋಟೋ, ನಾನು ಹೊಲಿದ ಹಸಿರು ಗೌನು, ಜೊತೆಗೆ ಅವಳಿಗೆ ಹೆಸರು ತಂದ ಆ ಹಾಡು. ರೆಕಾರ್ಡಿನಲ್ಲಿ ಹಾಡಿದ್ದು ನಾನು, ವರ್ನೆಲ್. ಆಗ ಡಲ್ಸಿಯ ಗಂಟಲು ಕೆಟ್ಟು ಮಾತೇ ಹೊರಡುತ್ತಿರಲಿಲ್ಲ. ಕಂಪನಿ ಯಜಮಾನರು ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ಎಂದಿಗೂ ಬಾಯಿಬಿಡುವುದಿಲ್ಲವೆಂದು ರುಜು ಹಾಕಿಸಿಕೊಂಡರು. ಗಂಟಲು ಸರಿಯಾದ ಮೇಲೆ ಡಲ್ಸಿ ಅದನ್ನೇ ಊರೂರಲ್ಲಿ ಹಾಡಿದಳು. ರೆಕಾರ್ಡಿನಷ್ಟು ಚೆನ್ನಾಗಿಲ್ಲವೆಂದು ಜನ ಗೊಣಗಿದ್ದೂ ಉಂಟು. ಈಗ ಅವಳೂ ಇಲ್ಲ, ಯಜಮಾನರೂ ಇಲ್ಲ. ನನ್ನ ರುಜು ಮಾತ್ರ ಕಂಪನಿಯ ಜೊತೆ ಕೈ ಬದಲಾಯಿಸುತ್ತ ಬದುಕಿದೆ.

ಉದ್ಘಾಟನೆಯ ದಿನ ನಮ್ಮ ಚರ್ಚಿನ ಡೀಕನ್ ಹೊರೇಸ್ ಕೆಣಕಿದ: "ಸಿಸ್ಟರ್ ಅರ್ಲೀನ್, ಒಂದು ಸಾಲು ಹಾಡಿ. ಭಾನುವಾರ ನಮ್ಮ ಕಿವಿ ತೂತು ಮಾಡ್ತೀರಲ್ಲ, ಇಲ್ಲೇನು ನಾಚಿಕೆ?"

ಹಾಡಿದೆ. ಮ್ಯೂಸಿಯಂ ಮ್ಯಾನೇಜರ್ ಪ್ರೆಸ್ಟನ್ ಓಡಿಬಂದ.

"ಮಿಸ್ ಅರ್ಲೀನ್, ಥೇಟ್ ಡಲ್ಸೀನೇ. ಸ್ವಲ್ಪ ಪ್ರಾಕ್ಟೀಸ್ ಮಾಡಿದ್ರೆ ಗೊತ್ತೇ ಆಗಲ್ಲ."

"ಏನು ಗೊತ್ತಾಗಲ್ಲ ಮಗಾ?"

"ನಕಲು ಅಂತ."

ಹೊರೇಸ್ ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ, ಇನ್ನೇನು ಮಾಡಲಿ.

ಶನಿವಾರಗಳಂದು ಆ ಗೌನು ತೊಟ್ಟು, ಡಲ್ಸಿಯ ವಿಗ್ಗು ಹಾಕಿಕೊಂಡು ಹಾಡಬೇಕಂತೆ. "ನನ್ನ ಹೆಸರಲ್ಲೇ ಹಾಡ್ತೀನಪ್ಪ" ಅಂದೆ. "ಅದನ್ನ ಕೇಳೋಕೆ ಯಾರು ಬರ್ತಾರೆ?" ಅಂದ. ಕೆಟ್ಟ ಹುಡುಗನಲ್ಲ, ಇದ್ದದ್ದನ್ನೇ ಹೇಳಿದ. ಒಪ್ಪಿಕೊಂಡೆ. ದೇವರ ಹಾಡಲ್ಲವೆಂದು ಚರ್ಚಿನಲ್ಲಿ ಅದನ್ನು ಹಾಡುವಂತಿಲ್ಲ, ಮನೆಯಲ್ಲಿ ಕೇಳುವವರಿಲ್ಲ. ಅದನ್ನು ಇನ್ನೊಮ್ಮೆ ಜನರೆದುರು ಹಾಡಬೇಕೆಂದರೆ ನಾನು ಅವಳಾಗಿಯೇ ನಿಲ್ಲಬೇಕು. ವಿಗ್ಗು ಬಿಗಿ, ಕಿವಿಯ ಹಿಂದೆ ಗಾಯವಾಗಿದೆ. ಮೊನ್ನೆ ಮುದುಕರೊಬ್ಬರು ಕಣ್ಣೊರೆಸಿಕೊಳ್ಳುತ್ತ ಬಂದು, "ಅಸಲಿ ಡಲ್ಸಿ ಇನ್ನೂ ಚೆನ್ನಾಗಿ ಹಾಡ್ತಿದ್ಲು ಬಿಡಿ" ಅಂದರು.

ಕರ್ತನ ಕೃಪೆ ನಿಮ್ಮ ಮನೆಯ ಮೇಲಿರಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ಅಕ್ಕ,
ಅರ್ಲೀನ್

ಮರೆತಿದ್ದೆ: ಅಮ್ಮ ಹಾಸಿಗೆ ಹಿಡಿದಿದ್ದಾಗ, ದೇವರ ಹಾಡು ಬಿಟ್ಟು ಬೇರೇನೂ ಕೇಳದವಳು, ರೇಡಿಯೋದಲ್ಲಿ ಅದೊಂದು ಬಂದರೆ ದನಿ ಜೋರು ಮಾಡಿಸುತ್ತಿದ್ದಳು. "ದೇವರು ಈ ಹುಡುಗಿ ಗಂಟಲು ನಿಂಗೆ ಕೊಡಬಾರ್ದಿತ್ತೇನೆ" ಅನ್ನುತ್ತಿದ್ದಳು. ಒಂದು ದಿನ ತಡೆಯಲಾಗದೆ "ಅದು ನಾನೇ ಅಮ್ಮ" ಅಂದೆ. ನನ್ನ ಕೈ ಸವರುತ್ತ, "ಹೊಟ್ಟೆಕಿಚ್ಚು ಪಡಬಾರ್ದು ಮಗಳೇ" ಅಂದಳು. ಹಾಗೇ ಹೋದಳು. ಬಟ್ಟೆ ಒಗೆಯುವಾಗ ಅವಳು ಮಾಡುತ್ತಿದ್ದಂತೆಯೇ, ರೆಕಾರ್ಡಿನಲ್ಲೂ ಮೊದಲು ಮೂಗಿನಲ್ಲಿ ಗುನುಗಿ ಆಮೇಲೆ ಪದ ಹಿಡಿದಿದ್ದೆ ಕಣೆ. ಅವಳಿಗೆ ತನ್ನ ಗುನುಗೂ ತಿಳಿಯಲಿಲ್ಲ. ನೀನು ನನ್ನ ಮಗ್ಗುಲಲ್ಲೇ ಮಲಗಿ ಬೆಳೆದವಳು. ನಿಮ್ಮ ಡೆಟ್ರಾಯಿಟ್‌ನ ರೇಡಿಯೋದಲ್ಲಿ ಕೇಳಿದಾಗ ನಿನಗಾದರೂ ಗುರುತು ಸಿಕ್ಕಿತ್ತೆ? ನನಗೆ ನೋವಾದೀತೆಂದು ನೋಡಬೇಡ, ನಿಜ ಬರೆ. ಬೇಗ ಬರೆ.